ಕಾಳುಮೆಣಸಿನಿಂದ ಬೆಳೆದ ತೊಮೆ-ಅಸು: ಸಹಕಾರ ಸಂಘದ ಏಳಿಗೆ ಇಡೀ ಊರಿನ ಏಳಿಗೆಯಾಯಿತೇ?

ಪ್ರಶ್ನೆ
ಹೊಳೆದಂಡೆ ತೋಟ, ಶಿರಸಿ

ಎಲ್ಲರಿಗೂ ನಮಸ್ಕಾರ. ಕಳೆದ ದೀಪಾವಳಿಗೆ ಒಸಾಕಾದಿಂದ ಬಂದ ನಮ್ಮ ಅಳಿಯಂದಿರು ಒಂದು ಚಾಕೊಲೇಟ್ ತಂದಿದ್ದರು. ಅದರ ಹೊದಿಕೆಯ ಮೇಲೆ ಬ್ರೆಜಿಲ್ ದೇಶದ ಒಂದು ಊರಿನ ಹೆಸರಿತ್ತು: ತೊಮೆ-ಅಸು. ಅಲ್ಲಿಯ ರೈತರು ಕಾಡುಮರಗಳ ನಡುವೆ ಬೆಳೆದ ಕೊಕ್ಕೊ ಇದು ಎಂದು ಅಳಿಯಂದಿರು ಜಪಾನಿ ಬರಹವನ್ನು ಓದಿ ಹೇಳಿದರು. ಅಷ್ಟಕ್ಕೇ ಬಿಡದೆ ಹುಡುಕಿ ನೋಡಿದಾಗ ಆ ಊರು ಒಂದು ಕಾಲಕ್ಕೆ ಕಾಳುಮೆಣಸಿಗೆ ಹೆಸರಾಗಿತ್ತೆಂದೂ, ರೋಗ ಬಂದು ಬಳ್ಳಿಗಳೆಲ್ಲ ಸತ್ತ ಮೇಲೆ ಅಲ್ಲಿಯ ಜಪಾನಿ ಮೂಲದ ಬೆಳೆಗಾರರು ಬಹುಬೆಳೆಯ ತೋಟಗಳನ್ನು ಕಟ್ಟಿದರೆಂದೂ ತಿಳಿಯಿತು.

ನಮ್ಮದು ಅಡಿಕೆ ತೋಟ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಎಲೆಚುಕ್ಕಿ ರೋಗ ಕಾಣಿಸಿಕೊಂಡ ಮೇಲೆ ನಮ್ಮ ಸೀಮೆಯಲ್ಲಿ ನಡೆಯುವ ಬೆಳೆಗಾರರ ಸಭೆಗಳೆಲ್ಲ ‘ಒಂದೇ ಬೆಳೆಯನ್ನು ನಂಬಬೇಡಿ, ಹತ್ತು ಬೆಳೆ ಬೆಳೆಯಿರಿ’ ಎಂಬ ಉಪದೇಶದಲ್ಲಿ ಮುಗಿಯುತ್ತವೆ. ಬೆಳೆದ ಹತ್ತನ್ನೂ ಯಾರಿಗೆ ಮಾರಬೇಕು ಎಂಬ ಮಾತಿಗೆ ಮಾತ್ರ ಯಾವ ಸಭೆಯಲ್ಲಿಯೂ ಹೊತ್ತು ಸಾಲುವುದಿಲ್ಲ. ಆದ್ದರಿಂದ ಈ ಊರಿನ ಆರ್ಥಿಕತೆಯನ್ನು ಬಲ್ಲವರಿಂದ ಕೆಲವು ವಿಷಯಗಳನ್ನು ತಿಳಿಯಬೇಕೆಂದಿದ್ದೇನೆ. ಮೆಣಸು ಹೋದ ಮೇಲೆ ಹೊಸ ತೋಟಗಳು ಕೈಗೆ ಹತ್ತುವವರೆಗಿನ ನಷ್ಟವನ್ನು ಯಾರು ಹೊತ್ತರು? ಬರಹಗಳಲ್ಲಿ ಹೊಗಳಿಕೆ ಕಾಣುವುದು ಸಹಕಾರ ಸಂಘದ ಬಗೆಗೋ, ಊರಿನ ಬಗೆಗೋ? ಅಂಥ ಊರಿನ ಸ್ಥಳೀಯ ಆಡಳಿತ ಯಾವ ಹಣದಿಂದ ನಡೆಯುತ್ತದೆ? ಅಲ್ಲಿಯ ‘ಮುನಿಸಿಪಿಯೊ’ ಎಂಬುದು ನಮ್ಮ ಗ್ರಾಮ ಪಂಚಾಯಿತಿಯಷ್ಟೋ, ತಾಲ್ಲೂಕಿನಷ್ಟೋ ಎಂಬುದೂ ನನಗೆ ಸ್ಪಷ್ಟವಾಗಿಲ್ಲ.

ಉತ್ತರ 1
ಬೆಲೆಂನಲ್ಲಿದ್ದವ

ಸಾಂಬಾರ ಪದಾರ್ಥಗಳ ಗುಣಪರೀಕ್ಷೆಯ ಕೆಲಸದ ನಿಮಿತ್ತ ನಾಲ್ಕು ವರ್ಷ ಪರಾ ರಾಜ್ಯದ ರಾಜಧಾನಿ ಬೆಲೆಂನಲ್ಲಿದ್ದೆ. ತೊಮೆ-ಅಸು ಅಲ್ಲಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿದೆ. ಮೊದಲು ಅಳತೆಯ ವಿಷಯ ಹೇಳಿಬಿಡುತ್ತೇನೆ. ಅದರ ವಿಸ್ತೀರ್ಣ 5,100 ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು, ಎಂದರೆ ನಮ್ಮ ಇಡೀ ಕೊಡಗು ಜಿಲ್ಲೆಗಿಂತ ದೊಡ್ಡದು. ಆದರೆ 2022ರ ಜನಗಣತಿಯ ಪ್ರಕಾರ ಅಲ್ಲಿರುವವರು ಸುಮಾರು 67 ಸಾವಿರ ಜನ, ಕೊಡಗಿನಲ್ಲಿ 2011ರಲ್ಲಿಯೇ ಐದೂವರೆ ಲಕ್ಷ ಜನರಿದ್ದರು. ಆದ್ದರಿಂದ ಅದು ಭೂಮಿಯಲ್ಲಿ ಜಿಲ್ಲೆ, ಜನಸಂಖ್ಯೆಯಲ್ಲಿ ಸಣ್ಣ ಪಟ್ಟಣ. ಅಧಿಕಾರದ ಮಟ್ಟಿಗೆ ನಮ್ಮಲ್ಲಿ ಅದಕ್ಕೆ ಸಮನಾದುದು ಇಲ್ಲ, ಏಕೆಂದರೆ ಜನರೇ ನೇರವಾಗಿ ಆರಿಸುವ ಮೇಯರ್ ಅದರ ಮುಖ್ಯಸ್ಥ; ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಹಳ್ಳಿರಸ್ತೆಗಳೆಲ್ಲ ಅವನ ಕೈಯಲ್ಲಿಯೇ ಇರುತ್ತವೆ.

ಊರಿಗೆ ಎರಡು ಕೇಂದ್ರಗಳಿವೆ. ಅಕರಾ-ಮಿರಿಂ ನದಿಯ ದಂಡೆಯಲ್ಲಿರುವುದು ಹಳೆಯ ಪೇಟೆ, ಬೆಲೆಂಗೆ ದೋಣಿಯಲ್ಲಿ ಹೋಗಿ ಬರುತ್ತಿದ್ದ ಕಾಲದ್ದು. ಒಳನಾಡಿನಲ್ಲಿ ನಾಲ್ಕು ರಸ್ತೆಗಳು ಕೂಡುವಲ್ಲಿ ಬೆಳೆದದ್ದು ಕ್ವಾತ್ರೊ ಬೊಕಾಸ್. ಪೋರ್ಚುಗೀಸಿನಲ್ಲಿ ‘ನಾಲ್ಕು ಬಾಯಿ’ ಎಂದು ಅರ್ಥ. ವ್ಯಾಪಾರ, ಜಪಾನಿಯರ ಸಂಘ, ಸಹಕಾರ ಸಂಘ ಎಲ್ಲವೂ ಈ ನಾಲ್ಕು ಬಾಯಿಯ ಸುತ್ತ. ನಾನು ಮೊದಲ ಸಲ ಹೋದಾಗ ರಸ್ತೆಯ ಪಕ್ಕದಲ್ಲಿ ಟಾರ್ಪಾಲಿನ ಮೇಲೆ ಮೆಣಸು ಒಣಗುತ್ತಿತ್ತು. ಒಬ್ಬ ಹೆಂಗಸು ಬರಿಗಾಲಿನಲ್ಲಿ ಅದನ್ನು ಸಾಲುಸಾಲಾಗಿ ಮಗುಚುತ್ತ ಹೋಗುತ್ತಿದ್ದಳು. ಆ ವಾಸನೆಗೆ ಒಂದು ಕ್ಷಣ ನನ್ನ ಅಜ್ಜನ ಮನೆಯ ಅಂಗಳದಲ್ಲಿ ನಿಂತಂತಾಯಿತು.

ಇನ್ನು ಇತಿಹಾಸ. 1929ರಲ್ಲಿ ‘ಮಾಂಟೆವಿಡಿಯೊ ಮಾರು’ ಎಂಬ ಹಡಗಿನಲ್ಲಿ ಬಂದ 43 ಕುಟುಂಬಗಳ 189 ಜನರಿಂದ ಈ ವಸಾಹತು ಆರಂಭವಾಯಿತು. ಅವರನ್ನು ಕರೆತಂದದ್ದು ಜಪಾನಿನ ಜವಳಿ ಉದ್ಯಮಿಗಳು ಹುಟ್ಟುಹಾಕಿದ ಕಂಪನಿ, ಅದರ ಯೋಜನೆಯಲ್ಲಿದ್ದ ಬೆಳೆ ಕೊಕ್ಕೊ. ಅನುಭವವಿಲ್ಲದ ಕೈಗಳಲ್ಲಿ ಕೊಕ್ಕೊ ಹಿಡಿಯಲಿಲ್ಲ. ಮಲೇರಿಯಾ ಬಡಿಯಿತು. ಭತ್ತ, ತರಕಾರಿ ಬೆಳೆದು ಬೆಲೆಂ ಪೇಟೆಗೆ ಒಯ್ದರೆ ಅಲ್ಲಿಯ ಜನಕ್ಕೆ ಸೊಪ್ಪುಸದೆ ತಿನ್ನುವ ರೂಢಿಯೇ ಇರಲಿಲ್ಲ. ಹಾಗಿದ್ದೂ 1931ರಲ್ಲಿ ತರಕಾರಿ ಮಾರುವುದಕ್ಕೆಂದು ಅವರು ಒಂದು ಸಹಕಾರ ಸಂಘ ಮಾಡಿಕೊಂಡರು. ಈಗಿನ ದೊಡ್ಡ ಸಂಘದ ಬೇರು ಅಲ್ಲಿದೆ. ಅನೇಕ ಕುಟುಂಬಗಳು ಮಾತ್ರ ಊರು ಬಿಟ್ಟು ಹೋದವು.

ಮೆಣಸು ಬಂದದ್ದು ಆಕಸ್ಮಿಕವಾಗಿ. 1933ರಲ್ಲಿ ಹಡಗೊಂದರಲ್ಲಿ ವೃದ್ಧೆಯೊಬ್ಬರು ತೀರಿಕೊಂಡದ್ದರಿಂದ ಅಂತ್ಯಸಂಸ್ಕಾರಕ್ಕಾಗಿ ಸಿಂಗಾಪುರದಲ್ಲಿ ನಿಲ್ಲಬೇಕಾಯಿತು. ವಲಸೆ ತಂಡದ ಮೇಲ್ವಿಚಾರಕರಾಗಿದ್ದ ಮಕಿನೊಸುಕೆ ಉಸುಯಿ ಅಲ್ಲಿ 20 ಮೆಣಸಿನ ಗಿಡಗಳನ್ನು ಕೊಂಡರು. ಅವುಗಳಲ್ಲಿ ಉಳಿದು ಚಿಗುರಿದ್ದು ಎರಡೇ ಎಂದು ಅಲ್ಲಿಯವರು ಹೇಳುತ್ತಾರೆ. ಆ ಎರಡರ ತುಂಡುಗಳಿಂದ ತೋಟಗಳು ಹಬ್ಬಿದವು. ಎರಡನೆಯ ಮಹಾಯುದ್ಧದಲ್ಲಿ ಬ್ರೆಜಿಲ್ ಜಪಾನಿನ ಎದುರು ಪಕ್ಷಕ್ಕೆ ಸೇರಿದಾಗ ಬೆಲೆಂನ ಜಪಾನಿಯರನ್ನೂ ಇಲ್ಲಿಗೇ ಸಾಗಿಸಿ ಕಾವಲಿನಲ್ಲಿಟ್ಟರು. ಯುದ್ಧದಿಂದ ಆಗ್ನೇಯ ಏಷ್ಯಾದ ಮೆಣಸಿನ ತೋಟಗಳು ಹಾಳಾಗಿದ್ದುದರಿಂದ, ಯುದ್ಧ ಮುಗಿಯುತ್ತಲೇ ಅದೇ ಕೈದಿಗಳ ಊರಿನ ಮೆಣಸಿಗೆ ಚಿನ್ನದ ಬೆಲೆ ಬಂತು. ‘ಕರಿವಜ್ರ’ ಎಂಬ ಹೆಸರು ಹುಟ್ಟಿದ್ದು ಆಗ. 1949ರಲ್ಲಿ ‘ಕಾಮ್ತಾ’ ಎಂದು ಕರೆಯಲಾಗುವ ತೊಮೆ-ಅಸು ಮಿಶ್ರ ಕೃಷಿ ಸಹಕಾರ ಸಂಘ ಸ್ಥಾಪನೆಯಾಯಿತು. 1953ರಿಂದ ಎರಡನೆಯ ವಲಸೆ ಬಂತು. 1959ರಲ್ಲಿ ಊರು ಅಕರಾ ಮುನಿಸಿಪಿಯೊದಿಂದ ಬೇರೆಯಾಗಿ ಸ್ವತಂತ್ರ ಆಡಳಿತ ಪಡೆಯಿತು. ಆ ಸ್ವಾತಂತ್ರ್ಯಕ್ಕೆ ಬಲ ಬಂದದ್ದು ಮೆಣಸಿನ ಹಣದಿಂದಲೇ ಎಂದು ನನ್ನ ಅಭಿಪ್ರಾಯ.

ನಷ್ಟವನ್ನು ಯಾರು ಹೊತ್ತರು ಎಂಬುದು ನಿಮ್ಮ ಮೊದಲ ಪ್ರಶ್ನೆ. 1960ರ ದಶಕದಲ್ಲಿ ರೋಗ ಹರಡುತ್ತ ಹೋಯಿತು, 1974ರ ಭಾರಿ ಮಳೆ-ನೆರೆ ಉಳಿದದ್ದನ್ನೂ ಮುಗಿಸಿತು. ಭೂಮಿಯ ಹಕ್ಕುಪತ್ರವಿದ್ದವರಿಗೆ ಮತ್ತೊಂದು ಕಡೆ ಹೋಗಿ ಹೊಸ ನೆಲದಲ್ಲಿ ಮೆಣಸು ಹಾಕುವ ದಾರಿಯಾದರೂ ಇತ್ತು, ಹಲವರು ಹಾಗೆಯೇ ಮಾಡಿದರು. 1990ರಲ್ಲಿ ಜಪಾನ್ ತನ್ನ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ಜಪಾನಿ ಮೂಲದ ಯುವಕರು ಅಲ್ಲಿಯ ಕಾರ್ಖಾನೆಗಳಿಗೆ ದುಡಿಯಲು ಹೋದರು. ಅಜ್ಜ ಬಿಟ್ಟುಬಂದ ದೇಶದಿಂದ ಮೊಮ್ಮಗ ಕಳಿಸಿದ ಹಣ ಎಷ್ಟೋ ಹೊಸ ತೋಟಗಳ ಬುಡಕ್ಕೆ ಬಿದ್ದಿದೆ. ಕೂಲಿಗೆಂದು ಬಡ ಈಶಾನ್ಯ ರಾಜ್ಯಗಳಿಂದ ಬಂದಿದ್ದ ಕುಟುಂಬಗಳಿಗೆ ಇಂಥ ಯಾವ ಕಿಟಕಿಯೂ ಇರಲಿಲ್ಲ. ಮೆಣಸು ಬಿಡಿಸುವ ಕೆಲಸ ನಿಂತ ದಿನವೇ ಅವರ ಒಲೆ ಆರುತ್ತಿತ್ತು. ಸಹಕಾರ ಸಂಘದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಈ ಭಾಗವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ.

ಉತ್ತರ 2
ನಿವೃತ್ತ ಸಸ್ಯರೋಗ ತಜ್ಞ, ಮೂಡಿಗೆರೆ

ರೋಗದ ವಿಷಯದಲ್ಲಿ ಎರಡು ಮಾತು ಸೇರಿಸುವುದು ಅಗತ್ಯ, ಏಕೆಂದರೆ ನಮ್ಮವರು ಕೇಳಿದೊಡನೆ ‘ಅದೇ ನಮ್ಮ ಸೊರಗು ರೋಗ’ ಎನ್ನುತ್ತಾರೆ. ನಮ್ಮ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆದು, ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆದರೆ ಬಹುಮಟ್ಟಿಗೆ ತಡೆಯಬಹುದು. ತೊಮೆ-ಅಸುವಿನ ತೋಟಗಳನ್ನು ತಿಂದದ್ದು ಫ್ಯುಸೇರಿಯಂ ಜಾತಿಯ ಶಿಲೀಂಧ್ರ. ಅದು ಬೇರನ್ನು ಕೊಳೆಸಿ, ಕಾಂಡವನ್ನು ಒಣಗಿಸಿ, ಒಮ್ಮೆ ಮಣ್ಣು ಸೇರಿತೆಂದರೆ ಆ ನೆಲದಲ್ಲಿ ಬಳ್ಳಿಗೆ ದೀರ್ಘಾಯುಷ್ಯವೇ ಇಲ್ಲದಂತೆ ಮಾಡುತ್ತದೆ. ಹಿಂದೆ ಹನ್ನೆರಡು ಹದಿನೈದು ವರ್ಷ ಫಲ ಕೊಡುತ್ತಿದ್ದ ತೋಟ ಐದಾರು ವರ್ಷಕ್ಕೆ ಮುಗಿಯತೊಡಗಿತು.

ಇದಕ್ಕೆ ತೋಟದ ರಚನೆಯೂ ಕಾರಣ. ನಾವು ಬಳ್ಳಿಯನ್ನು ಅಡಿಕೆ, ಹಾಲುವಾಣ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸುತ್ತೇವೆ. ಅಲ್ಲಿ ಕಾಡು ಕಡಿದು ಸುಟ್ಟು, ಬಟಾಬಯಲಿನಲ್ಲಿ ಗಟ್ಟಿಮರದ ಕಂಬಗಳನ್ನು ಎರಡೂವರೆ ಮೀಟರಿಗೊಂದರಂತೆ ನೆಟ್ಟು ಬಳ್ಳಿ ಹಬ್ಬಿಸುತ್ತಿದ್ದರು. ಆ ಅಂತರದಲ್ಲಿ ಹೆಕ್ಟೇರಿಗೆ 1,600 ಕಂಬಗಳು ಬೇಕಾಗುತ್ತವೆ. ಮೇಲಿನವರು ಹೇಳಿದ ಎರಡು ಬಳ್ಳಿಗಳ ಕಥೆಯನ್ನು ಇದರ ಜೊತೆಗಿಟ್ಟು ನೋಡಿ. ಮೆಣಸನ್ನು ಬೀಜದಿಂದಲ್ಲ, ಬಳ್ಳಿಯ ತುಂಡಿನಿಂದ ಬೆಳೆಸುವುದು ವಾಡಿಕೆ. ಎರಡು ತಾಯಿಬಳ್ಳಿಗಳ ತುಂಡಿನ ತುಂಡಿನ ತುಂಡುಗಳು ಇಡೀ ಊರನ್ನು ತುಂಬಿದ್ದರೆ, ಒಂದು ಬಳ್ಳಿಯನ್ನು ಕೊಲ್ಲಬಲ್ಲ ರೋಗಕ್ಕೆ ಉಳಿದವೆಲ್ಲವೂ ಬಾಗಿಲು ತೆರೆದ ಮನೆಗಳೇ. ನಮ್ಮ ಪಶ್ಚಿಮಘಟ್ಟ ಮೆಣಸಿನ ತವರು. ಕರಿಮುಂಡ, ಮಲ್ಲಿಸರ, ಪಣಿಯೂರು ಎಂದು ಒಂದೇ ತೋಟದಲ್ಲಿ ನಾಲ್ಕಾರು ತಳಿಗಳಿರುತ್ತವೆ. ಈ ಬೆರಕೆಯೇ ನಮ್ಮನ್ನು ಕಾಪಾಡಿರುವುದು ಎಂಬುದನ್ನು ನಾವು ಮರೆಯುತ್ತೇವೆ.

ಕುತೂಹಲದ ಒಂದು ಸಂಗತಿಯೆಂದರೆ, ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪ ಆಮೇಲೆ ಬೆಳೆಗಾರರಿಗೆ ಕೊಟ್ಟ ‘ಬ್ರಗಂತೀನ’ ಎಂಬ ತಳಿ ಬೇರೆ ಯಾವುದೂ ಅಲ್ಲ, ಕೇರಳದ ಪಣಿಯೂರು-1. ನಮ್ಮಲ್ಲಿ ಮನೆಮನೆಯ ಹಿತ್ತಿಲಲ್ಲಿರುವ ಬಳ್ಳಿ ಅಮೆಜಾನಿನಲ್ಲಿ ಬೇರೆ ಹೆಸರಿಟ್ಟುಕೊಂಡು ಬದುಕುತ್ತಿದೆ. ಕಂಬಕ್ಕಾಗಿ ಕಾಡಿನ ಮರ ಕಡಿಯುವುದನ್ನು ತಪ್ಪಿಸಲು ಈಚೆಗೆ ಗ್ಲಿರಿಸೀಡಿಯ ಗಿಡವನ್ನು ಜೀವಂತ ಆಧಾರವಾಗಿ ನೆಡುವುದೂ ಅಲ್ಲಿ ಹೆಚ್ಚುತ್ತಿದೆ.

ಬಹುಬೆಳೆಯ ತೋಟದ ಜಾಣತನ ಅಡಗಿರುವುದು ಕಾಲದ ಹೊಂದಾಣಿಕೆಯಲ್ಲಿ. ಮೊದಲ ವರ್ಷ ಮೆಣಸಿನ ಜೊತೆಗೆ ಭತ್ತ, ಹುರುಳಿಕಾಯಿಯಂಥ ಅಲ್ಪಾವಧಿ ಬೆಳೆ. ನಡುವೆ ಪ್ಯಾಶನ್ ಫ್ರೂಟ್. ಬಾಳೆಯ ನೆರಳಿನಲ್ಲಿ ಕೊಕ್ಕೊ ಸಸಿ. ಅದರ ಮೇಲೆ ಅಸಾಯಿ ಎಂಬ ತಾಳೆಜಾತಿಯ ಮರ, ಕುಪುವಾಸು ಎಂಬ ಹಣ್ಣಿನ ಮರ. ಎಲ್ಲಕ್ಕೂ ಎತ್ತರದಲ್ಲಿ ಮಹಾಗನಿ, ಆಂಡಿರೋಬ, ಬ್ರೆಜಿಲ್ ನಟ್. ರೋಗ ಬಂದು ಮೆಣಸು ಸಾಯುವ ಹೊತ್ತಿಗೆ ಕೊಕ್ಕೊ ಕಾಯಿ ಬಿಡುತ್ತಿರುತ್ತದೆ. ಬಳ್ಳಿಯ ಸಾವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಕಟ್ಟಿದ ತೋಟ ಇದು. ನದಿದಂಡೆಯ ಸ್ಥಳೀಯರ ಮನೆಯಂಗಳದಲ್ಲಿ ಹಣ್ಣಿನ ಮರ, ಕಾಡುಮರ ಒಟ್ಟೊಟ್ಟಿಗೆ ಬೆಳೆದದ್ದನ್ನು ನೋಡಿ ನೊಬೊರು ಸಕಗುಚಿ ಮೊದಲಾದ ಬೆಳೆಗಾರರು ಇದನ್ನು ರೂಪಿಸಿದರು.

ಆದರೆ ಬೆರಕೆ ಮಾಡಿದ ಮಾತ್ರಕ್ಕೆ ರೋಗ ದೂರವಾಯಿತೆಂದು ತಿಳಿಯಬಾರದು. ಕೊಕ್ಕೊ, ಕುಪುವಾಸು ಎರಡೂ ಒಂದೇ ಕುಲದ ಮರಗಳು. ‘ಮಾಟಗಾತಿಯ ಪೊರಕೆ’ ಎಂದು ಕರೆಯುವ ಶಿಲೀಂಧ್ರ ರೋಗ ಎರಡಕ್ಕೂ ಬರುತ್ತದೆ, ಮತ್ತು ಅದರ ಹುಟ್ಟೂರು ಅಮೆಜಾನೇ. 1989ರ ನಂತರ ಬಹಿಯಾ ರಾಜ್ಯದ ಕೊಕ್ಕೊ ಸೀಮೆಯನ್ನು ನೆಲಕಚ್ಚಿಸಿದ್ದು ಅದೇ ರೋಗ. ಹತ್ತು ಬೆಳೆ ಎಂದು ಎಣಿಸುವಾಗ ಅವು ಹತ್ತು ಬೇರೆ ಬೇರೆ ಕುಟುಂಬಗಳಿಗೆ ಸೇರಿದವೇ ಎಂದು ನೋಡಿ ಎಣಿಸಬೇಕು.

ಉತ್ತರ 3
ಆಯವ್ಯಯ ಓದುಗ, ಧಾರವಾಡ

ಸ್ಥಳೀಯ ಹಣಕಾಸು ನನ್ನ ಅಧ್ಯಯನದ ವಿಷಯವಾದ್ದರಿಂದ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಉತ್ತರ ಸ್ವಲ್ಪ ಬೇಸರ ತರಿಸಬಹುದು, ಏಕೆಂದರೆ ಅದರಲ್ಲಿ ಮೆಣಸಿಗೂ ಕೊಕ್ಕೊಗೂ ಇರುವ ಪಾತ್ರ ಸಣ್ಣದು.

ಬ್ರೆಜಿಲ್‌ನ ಐದೂವರೆ ಸಾವಿರಕ್ಕೂ ಹೆಚ್ಚು ಮುನಿಸಿಪಿಯೊಗಳಲ್ಲಿ ಬಹುಪಾಲು ತಮ್ಮ ಸ್ವಂತ ತೆರಿಗೆಯಿಂದ ಬದುಕುವುದಿಲ್ಲ. ಕೇಂದ್ರ ಸರ್ಕಾರ ಸಂಗ್ರಹಿಸುವ ಆದಾಯ ತೆರಿಗೆ ಮತ್ತು ಕೈಗಾರಿಕಾ ಉತ್ಪನ್ನ ತೆರಿಗೆಯ ಒಂದು ಪಾಲು ‘ಮುನಿಸಿಪಿಯೊಗಳ ಪಾಲುನಿಧಿ’ಯ ಮೂಲಕ ಜನಸಂಖ್ಯೆಯ ಶ್ರೇಣಿಗೆ ತಕ್ಕಂತೆ ಹಂಚಿಕೆಯಾಗುತ್ತದೆ. ರಾಜ್ಯದ ಸರಕು ತೆರಿಗೆಯಲ್ಲಿ 25 ಪ್ರತಿಶತ ಮುನಿಸಿಪಿಯೊಗಳಿಗೆ ಸೇರಬೇಕೆಂದು ಸಂವಿಧಾನವೇ ಹೇಳುತ್ತದೆ. ಶಾಲೆಗಳಿಗೆ 2007ರಲ್ಲಿ ಆರಂಭವಾಗಿ 2020ರ ಸಂವಿಧಾನ ತಿದ್ದುಪಡಿಯಿಂದ ಶಾಶ್ವತವಾದ ಶಿಕ್ಷಣ ನಿಧಿಯಿದೆ. ಉತ್ತರದ ಬಡ ರಾಜ್ಯಗಳಲ್ಲಿ ಶಿಕ್ಷಕರ ಸಂಬಳಕ್ಕೆ ಇದೇ ಆಧಾರ. ಸ್ವಂತದ ತೆರಿಗೆಗಳೆಂದರೆ ಮನೆ-ನಿವೇಶನ ತೆರಿಗೆ ಮತ್ತು ಸೇವಾ ತೆರಿಗೆ. ಅರ್ಧ ಊರಿಗೆ ಸರಿಯಾದ ಹಕ್ಕುಪತ್ರವೇ ಇಲ್ಲದ ಕಡೆ ಮನೆ ತೆರಿಗೆಯಿಂದ ಬರುವುದೆಷ್ಟು? ಗ್ರಾಮೀಣ ಭೂಮಿಯ ತೆರಿಗೆ ಕೇಂದ್ರದ್ದು, ಅದರ ದರವೂ ವಸೂಲಿಯೂ ನಗೆಪಾಟಲಿನಷ್ಟು ಕಡಿಮೆ. ಸಾವಿರಾರು ಹೆಕ್ಟೇರ್ ಇಟ್ಟುಕೊಂಡವನು ಕಟ್ಟುವ ತೆರಿಗೆ ಊರಿನ ಒಂದು ಸೇತುವೆಗೂ ಸಾಲದು.

ಇನ್ನೊಂದು ಗಂಟು 1996ರ ಕಾನೂನಿನದು. ಅದನ್ನು ತಂದ ಸಚಿವರ ಹೆಸರಿನಿಂದ ‘ಕಂಜಿರ್ ಕಾಯ್ದೆ’ ಎಂದೇ ಕರೆಯುತ್ತಾರೆ. ರಫ್ತಾಗುವ ಕಚ್ಚಾ ಕೃಷಿ ಉತ್ಪನ್ನಕ್ಕೆ ರಾಜ್ಯದ ಸರಕು ತೆರಿಗೆಯಿಂದ ಅದು ವಿನಾಯಿತಿ ಕೊಟ್ಟಿತು. ರಫ್ತುದಾರರಿಗೆ ಇದರಿಂದ ಲಾಭವಾಯಿತು ನಿಜ, ಆದರೆ ಕಚ್ಚಾ ಮಾಲು ಕಳಿಸುವ ಪರಾದಂಥ ರಾಜ್ಯಗಳು ತಮ್ಮ ಖಜಾನೆಗಾದ ನಷ್ಟದ ಬಗ್ಗೆ ದಶಕಗಳ ಕಾಲ ತಕರಾರು ಮಾಡುತ್ತಲೇ ಬಂದಿವೆ.

ಹಾಗಾದರೆ ಪೇಟೆಯ ಅಂಗಡಿಗಳು ಯಾರ ಹಣದಿಂದ ನಡೆಯುತ್ತವೆ? ತಿಂಗಳ ಮೊದಲ ವಾರದಲ್ಲಿ ಇಂಥ ಊರುಗಳ ಬ್ಯಾಂಕಿನ ಮುಂದೆ ನಿಲ್ಲುವ ಸಾಲೇ ಅದಕ್ಕೆ ಉತ್ತರ. 1988ರ ಸಂವಿಧಾನದ ನಂತರ ಸಣ್ಣ ರೈತರಿಗೆ, ಕುಟುಂಬದ ದುಡಿಮೆಯಿಂದಲೇ ಬೇಸಾಯ ಮಾಡುವವರಿಗೆ, ಗಂಡಸರಿಗೆ 60ಕ್ಕೆ, ಹೆಂಗಸರಿಗೆ 55ಕ್ಕೆ ಪಿಂಚಣಿ ಸಿಗುತ್ತದೆ. ಹದಿನೈದು ವರ್ಷ ಹೊಲದಲ್ಲಿ ದುಡಿದದ್ದಕ್ಕೆ ದಾಖಲೆ ತೋರಿಸಿದರೆ ಸಾಕು. ಮೊತ್ತ ದೇಶದ ಕನಿಷ್ಠ ವೇತನದಷ್ಟು: 2025ರಲ್ಲಿ ತಿಂಗಳಿಗೆ 1,518 ರೆಯಾಲ್ (ಬ್ರೆಜಿಲ್‌ನ ನಾಣ್ಯ), ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ವರ್ಷಕ್ಕೆ ಹದಿಮೂರು ಕಂತು. ನಮ್ಮ ಸಂಧ್ಯಾ ಸುರಕ್ಷಾ ಹಣದೊಡನೆ ಹೋಲಿಸಲು ಹೋದರೆ ನಾಚಿಕೆಯಾಗುತ್ತದೆ. ಅಜ್ಜ-ಅಜ್ಜಿ ಇಬ್ಬರಿಗೂ ಪಿಂಚಣಿ ಬರುವ ಮನೆಯಲ್ಲಿ ಕೊಕ್ಕೊ ಸಸಿ ಫಲ ಕೊಡುವವರೆಗೆ ಕಾಯುವ ತಾಳ್ಮೆ ಹುಟ್ಟುವುದು ಅಲ್ಲಿಂದ. ಕೃಷಿ ಸುಧಾರಣೆಯ ಚರ್ಚೆಯಲ್ಲಿ ಈ ಪಿಂಚಣಿಯ ಹೆಸರೇ ಬರುವುದಿಲ್ಲ. ಬಡ ರೈತನಿಗೆ ಅದೇ ಬಡ್ಡಿಯಿಲ್ಲದ ಬೆಳೆಸಾಲ ಎಂದು ನಾನು ತಿಳಿದಿದ್ದೇನೆ. ಇದರ ಜೊತೆಗೆ ಬಡ ಕುಟುಂಬಗಳಿಗೆ ನಗದು ನೆರವು ಕೊಡಲು 2003ರಲ್ಲಿ ಆರಂಭವಾದ ‘ಬೊಲ್ಸ ಫಮೀಲಿಯ’ ಯೋಜನೆ ಇದೆ. ಶಾಲೆಯ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ 30 ಪ್ರತಿಶತವನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಖರ್ಚು ಮಾಡಬೇಕೆಂದು 2009ರ ಕಾನೂನು ವಿಧಿಸಿತ್ತು, 2026ರಿಂದ ಆ ಪ್ರಮಾಣ 45 ಪ್ರತಿಶತ. ರಫ್ತಿನ ಗುಣಮಟ್ಟ ಮುಟ್ಟಲಾರದ ಸಣ್ಣ ಬೆಳೆಗಾರನಿಗೆ ಶಾಲೆಯ ಅಡುಗೆಮನೆ ಒಳ್ಳೆಯ ಗಿರಾಕಿ.

ಎರಡನೆಯ ಪ್ರಶ್ನೆಗೆ ಒಂದು ಅಂಕಿ ಸಾಕು. 2010ರ ಮುನಿಸಿಪಲ್ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ತೊಮೆ-ಅಸು 0.6ರ ಕೆಳಗಿತ್ತು, ಎಂದರೆ ‘ಕಡಿಮೆ’ ಎಂಬ ವರ್ಗದಲ್ಲಿ. ಆ ಹೊತ್ತಿಗೆ ಸಹಕಾರ ಸಂಘದ ತೋಟಗಳನ್ನು ನೋಡಲು ಹಲವು ದೇಶಗಳಿಂದ ತಜ್ಞರು ಬಂದು ಹೋಗುತ್ತಿದ್ದರು. ಸಂಘದ ಸದಸ್ಯರು ಇನ್ನೂರರ ಒಳಗೆ, ಊರಿನ ಜನ ಆಗ 56 ಸಾವಿರ.

ಹೊಳೆದಂಡೆ ತೋಟ

ಮೂವರಿಗೂ ಕೃತಜ್ಞತೆಗಳು. ಧಾರವಾಡದವರ ಕೊನೆಯ ಸಾಲನ್ನು ಓದಿ ಚಾಕೊಲೇಟಿನ ಹೊದಿಕೆಯನ್ನು ಇನ್ನೊಮ್ಮೆ ತೆಗೆದು ನೋಡಿದೆ. ಅದರ ಮೇಲೆ ಹಸಿರು ಕಾಡಿನ ಚಿತ್ರ ಮಾತ್ರ ಇದೆ.

ಬೆಲೆಂನಲ್ಲಿದ್ದವರಿಗೆ ಇನ್ನೊಂದು ಪ್ರಶ್ನೆ. ಹತ್ತು ಬಗೆಯ ಹಣ್ಣು ಒಂದೊಂದು ಬುಟ್ಟಿಯಷ್ಟು ಬಂದರೆ ಅದನ್ನು ಕೊಳ್ಳುವವರು ಯಾರು? ನಮ್ಮಲ್ಲಿ ಅಡಿಕೆಯನ್ನು ವರ್ಷಗಟ್ಟಲೆ ಮನೆಯಲ್ಲಿಟ್ಟುಕೊಂಡು ದರ ಕಾಯಬಹುದು, ಮೆಣಸನ್ನೂ ಇಡಬಹುದು. ಹಣ್ಣು ಮೂರನೆಯ ದಿನಕ್ಕೆ ಕೊಳೆಯುತ್ತದೆ. ಬೆಳೆಗಾರ ಅಡಿಕೆಯನ್ನು ಬಿಡದಿರುವುದು ಅವನ ಮೂಢತನದಿಂದಲ್ಲ, ಈ ಕಾರಣದಿಂದ.

ಬೆಲೆಂನಲ್ಲಿದ್ದವ

ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ. ತೊಮೆ-ಅಸುವಿನ ಕಥೆಯನ್ನು ಹೇಳುವವರೆಲ್ಲ ತೋಟದ ನಕ್ಷೆ ತೋರಿಸುತ್ತಾರೆ. ನನ್ನನ್ನು ಕೇಳಿದರೆ ತೋರಿಸಬೇಕಾದದ್ದು ಸಂಘದ ಹಣ್ಣಿನ ತಿರುಳಿನ ಕಾರ್ಖಾನೆಯನ್ನು. ಅದು ಆರಂಭವಾದದ್ದು 1987ರಲ್ಲಿ. ಪ್ಯಾಶನ್ ಫ್ರೂಟ್, ಕುಪುವಾಸು, ಅಸೆರೋಲ, ಅಸಾಯಿ ಯಾವುದೇ ಬರಲಿ, ತೊಳೆದು, ತಿರುಳು ತೆಗೆದು, ಹೆಪ್ಪುಗಟ್ಟಿಸಿ, ಶೀತಲಗೃಹದಲ್ಲಿಡುತ್ತಾರೆ. ಬುಟ್ಟಿಯಲ್ಲಿ ಮೂರು ದಿನ ಬಾಳುವ ಹಣ್ಣಿಗೆ ಹೀಗೆ ತಿಂಗಳುಗಟ್ಟಲೆ ಆಯುಷ್ಯ ಬರುತ್ತದೆ; ದರ ಕಾಯುವ ಶಕ್ತಿ ಬೆಳೆಗಾರನಿಂದ ಸಂಘಕ್ಕೆ ವರ್ಗವಾಗುತ್ತದೆ. ಒಂದು ಹಣ್ಣಿನ ಸುಗ್ಗಿ ಮುಗಿದಾಗ ಇನ್ನೊಂದರದು ಶುರುವಾಗುವುದರಿಂದ ಯಂತ್ರವೂ ಖಾಲಿ ನಿಲ್ಲುವುದಿಲ್ಲ. ತೋಟದಲ್ಲಿ ಬೆಳೆಗಳ ಬೆರಕೆಯನ್ನು ಮಾಡಿಸಿದ್ದೇ ಈ ಯಂತ್ರ ಎಂದರೂ ತಪ್ಪಾಗದು. ಸದಸ್ಯರಲ್ಲದ ಸಣ್ಣ ಬೆಳೆಗಾರರಿಂದಲೂ ಸಂಘ ಹಣ್ಣು ಕೊಳ್ಳುತ್ತದೆ, ಆದರೆ ವರ್ಷದ ಕೊನೆಗೆ ಲಾಭ ಹಂಚುವಾಗ ಅವರು ಲೆಕ್ಕದ ಹೊರಗೆ.

ಕೊಕ್ಕೊ ವಿಷಯದಲ್ಲಿ ಪ್ರಮಾಣ ದೊಡ್ಡದಲ್ಲ. ಪರಾದಲ್ಲಿಯೇ ಟ್ರಾನ್ಸ್‌ಅಮೆಜೋನಿಕ ಹೆದ್ದಾರಿಯ ಮೆಡಿಸಿಲಾಂಡಿಯ ಎಂಬ ಊರು ಇದಕ್ಕಿಂತ ಎಷ್ಟೋ ಹೆಚ್ಚು ಬೆಳೆಯುತ್ತದೆ. ತೊಮೆ-ಅಸುವಿನವರು ಮಾರುವುದು ಹೆಸರನ್ನು: ಬೀಜವನ್ನು ಸರಿಯಾಗಿ ಹುಳಿಯಿಸಿ ಒಣಗಿಸುವ ಶಿಸ್ತು, ಜಪಾನಿನೊಡನೆ ಹಳೆಯ ನಂಟು, 2019ರಲ್ಲಿ ಊರಿನ ಕೊಕ್ಕೊಗೆ ಸಿಕ್ಕ ಭೌಗೋಳಿಕ ಮಾನ್ಯತೆ. ಬರಿಯ ಬೀಜಕ್ಕೆ ಸಿಗದ ದರ ಅದರಿಂದ ಸಿಗುತ್ತದೆ.

ಕಳೆದ ಹದಿನೈದು ವರ್ಷಗಳಲ್ಲಿ ಊರಿನ ಒಟ್ಟು ಉತ್ಪಾದನೆಯ ಲೆಕ್ಕವನ್ನೇ ಬದಲಾಯಿಸಿದ್ದು ಮಾತ್ರ ತಾಳೆ ಎಣ್ಣೆ. 2010ರಲ್ಲಿ ಕೇಂದ್ರ ಸರ್ಕಾರ ತಾಳೆ ಬೆಳೆಗೆ ಕಾರ್ಯಕ್ರಮವೊಂದನ್ನು ಘೋಷಿಸಿದ ನಂತರ ತೊಮೆ-ಅಸು, ಅಕರಾ ಸುತ್ತ ದೊಡ್ಡ ಕಂಪನಿಗಳು ಸಾವಿರಾರು ಹೆಕ್ಟೇರ್ ತಾಳೆ ನೆಟ್ಟವು. ಸಹಿ ಹಾಕಿದ ಉದ್ಯೋಗ ಪುಸ್ತಕ, ತಿಂಗಳ ಸಂಬಳ, ವಿಮೆ ಇವು ಕೂಲಿಯವನಿಗೆ ಮೊದಲ ಬಾರಿ ಸಿಕ್ಕಿದ್ದು ಅಲ್ಲಿ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾಳೆ ತೋಟ ಬಂದು ನಿಂತದ್ದು ತೆಂಬೆ ಬುಡಕಟ್ಟಿನ ಜನರ ಮತ್ತು ಹಿಂದೆ ಗುಲಾಮಗಿರಿಯಿಂದ ಬಿಡಿಸಿಕೊಂಡವರ ವಂಶಜರಾದ ಕಿಲೊಂಬೋಲ ಸಮುದಾಯಗಳ ಬೇಲಿಯ ಬುಡದಲ್ಲಿ. ತೆಂಬೆ ಜನರ ತುರೆ-ಮರಿಕೀತ ಎಂಬ ಮೀಸಲು ಭೂಮಿ 150 ಹೆಕ್ಟೇರಿಗೂ ಕಡಿಮೆ. ಗಡಿ, ನೀರು, ಔಷಧ ಸಿಂಪಡಣೆಯ ಜಗಳ ಬೆಳೆದು, 2023ರಲ್ಲಿ ಗುಂಡೇಟಿಗೆ ತೆಂಬೆ ಜನ ಗಾಯಗೊಂಡ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಇದೇ ತಾಳೆಯನ್ನು ಕೊಕ್ಕೊ, ಅಸಾಯಿಗಳ ನಡುವೆ ಬೆಳೆಯುವ ಪ್ರಯೋಗವನ್ನು ಸಹಕಾರ ಸಂಘ, ಎಂಬ್ರಾಪ ಮತ್ತು ಸೌಂದರ್ಯವರ್ಧಕಗಳ ಕಂಪನಿ ನತುರಾ ಸೇರಿ 2008ರಲ್ಲಿಯೇ ಆರಂಭಿಸಿದ್ದವು. ಮರಗಳು ಚೆನ್ನಾಗಿಯೇ ಬಂದಿವೆ. ಆದರೂ ಬಂಡವಾಳ ಹರಿದದ್ದು ಒಂಟಿಬೆಳೆಯ ಕಡೆಗೇ.

ಉತ್ತರ 4
ಪುತ್ತೂರಿನ ಸದಸ್ಯ

ಒಂದು ಸಣ್ಣ ಆಕ್ಷೇಪಣೆ. ಸಂಘದ ಸದಸ್ಯರು ಇನ್ನೂರರ ಒಳಗೆ ಎಂಬುದನ್ನು ದೋಷವೆಂಬಂತೆ ಹೇಳಲಾಗಿದೆ. ಸಣ್ಣ ಸಂಘವಾದ್ದರಿಂದಲೇ ಅವರು 1974ರ ನಂತರ ಒಡೆಯದೆ ಉಳಿದರು ಎಂದು ಏಕೆ ಹೇಳಬಾರದು? 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಹಕಾರ ಸಂಘ ನಮ್ಮಲ್ಲಿ ಅಡಿಕೆಗೆಂದು ಹುಟ್ಟಿ, ಕೊಕ್ಕೊಗೆ ಕೊಳ್ಳುವವರಿಲ್ಲದ ಹೊತ್ತಿನಲ್ಲಿ ಅದನ್ನೂ ಕೊಳ್ಳತೊಡಗಿ, 1986ರಲ್ಲಿ ಇಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ತೊಮೆ-ಅಸುವಿನ ಕಾರ್ಖಾನೆಗಿಂತ ಒಂದು ವರ್ಷ ಮೊದಲು. ನಮ್ಮ ಸದಸ್ಯರ ಸಂಖ್ಯೆ ಲಕ್ಷ ದಾಟುತ್ತದೆ, ಆದರೂ ನಮ್ಮ ತೋಟಗಳು ಅವರ ತೋಟಗಳಂತಾಗಲಿಲ್ಲ. ಕಾರ್ಖಾನೆಯೊಂದಿದ್ದರೆ ಬೆರಕೆ ತಾನಾಗಿ ಬರುತ್ತದೆ ಎಂಬ ಬೆಲೆಂನವರ ಮಾತಿಗೆ ನನ್ನ ಊರೇ ಪ್ರತಿಸಾಕ್ಷಿ. ಅಡಿಕೆಯ ದರ ಚೆನ್ನಾಗಿರುವಷ್ಟು ದಿನ ಕೊಕ್ಕೊ ನಮಗೆ ಮಕ್ಕಳ ಪುಸ್ತಕದ ಖರ್ಚಿನ ಬೆಳೆ ಮಾತ್ರ.

ಇನ್ನೊಂದು, ಅಸಾಯಿ ಕೊಯ್ಯುವವರು ಯಾರು, ಅವರಿಗೆ ಏನು ಸಿಗುತ್ತದೆ ಎಂದು ಯಾರೂ ಹೇಳಲಿಲ್ಲ. ನಮ್ಮಲ್ಲಿ ಮರ ಹತ್ತುವವರು ಸಿಗದೆ ಅಡಿಕೆಗೊನೆ ಮರದಲ್ಲಿಯೇ ಹಣ್ಣಾಗುತ್ತಿದೆ.

ಬೆಲೆಂನಲ್ಲಿದ್ದವ

ಪುತ್ತೂರಿನವರ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಕಾರ್ಖಾನೆಯ ಜೊತೆಗೆ ಮುಖ್ಯ ಬೆಳೆ ಸತ್ತಿರಬೇಕು ಎಂದು ನಾನು ಸೇರಿಸಬೇಕಿತ್ತು. ಮೆಣಸು ಬದುಕಿದ್ದರೆ ತೊಮೆ-ಅಸುವಿನವರೂ ಕಂಬ ನೆಡುವುದನ್ನು ಬಿಡುತ್ತಿರಲಿಲ್ಲ. ಈಗಲೂ ಮೆಣಸಿನ ದರ ಏರಿದ ವರ್ಷ ಸುತ್ತಲಿನ ಸಣ್ಣ ರೈತರು ಬಯಲಿನಲ್ಲಿ ಕಂಬ ನೆಡುತ್ತಾರೆ, ಇಳಿದಾಗ ಬಳ್ಳಿಯನ್ನು ಅದರ ಪಾಡಿಗೆ ಬಿಡುತ್ತಾರೆ.

ಅಸಾಯಿ ಮರಕ್ಕೆ ಅಡಿಕೆ ಮರದ ಮೈಕಟ್ಟು, ಆದರೆ ಬಾಳೆಯಂತೆ ಒಂದೇ ಬುಡದಿಂದ ನಾಲ್ಕಾರು ಮರಗಳು ಏಳುತ್ತವೆ. ಹತ್ತುವವನು ನಮ್ಮ ಕೊನೆಗೌಡನಂತೆಯೇ ಕಾಲಿಗೆ ತಳೆ ಹಾಕಿಕೊಳ್ಳುತ್ತಾನೆ. ಅದನ್ನು ಅಲ್ಲಿ ‘ಪೆಕೋನ್ಯ’ ಎನ್ನುತ್ತಾರೆ. ಅಸಾಯಿಯ ಎಲೆಯನ್ನೇ ತಿರುಚಿ ಮಾಡಿಕೊಳ್ಳುತ್ತಾರೆ, ಅಥವಾ ಹಳೆಯ ಗೋಣಿಚೀಲದ ತುಂಡಿನಿಂದ. ಸೊಂಟದ ಹಿಂದೆ ಕತ್ತಿ ಸಿಕ್ಕಿಸಿಕೊಂಡು ಹತ್ತಿ, ಗೊನೆ ಕೊಯ್ದು ಒಂದು ಕೈಯಲ್ಲಿ ಹಿಡಿದೇ ಜಾರಿ ಇಳಿಯುತ್ತಾನೆ, ಏಕೆಂದರೆ ಮೇಲಿಂದ ಹಾಕಿದರೆ ಹಣ್ಣು ಉದುರಿಹೋಗುತ್ತದೆ. ಮರ ತೆಳು, ದೊಡ್ಡವರ ಭಾರಕ್ಕೆ ಬಾಗುತ್ತದೆ. ಆ ಕಾರಣಕ್ಕೆ ಹಿಂದಿನಿಂದಲೂ ಹುಡುಗರನ್ನು ಹತ್ತಿಸುವ ರೂಢಿಯಿದ್ದು, ಬಾಲಕಾರ್ಮಿಕರ ಪ್ರಶ್ನೆ ಈ ಬೆಳೆಯನ್ನು ಬಿಟ್ಟಿಲ್ಲ. ಕೂಲಿ ಬುಟ್ಟಿ ಲೆಕ್ಕ. ಕೆಲವು ಕಡೆ ತೋಟದವನಿಗೂ ಹತ್ತುವವನಿಗೂ ಅರ್ಧರ್ಧ. ಮೆಣಸು ಬಿಡಿಸುವುದಕ್ಕೆ ಕಿಲೋ ಲೆಕ್ಕ, ಅದಕ್ಕೆ ಮನೆಮಂದಿಯೆಲ್ಲ ಬರುತ್ತಾರೆ. ನಾನು ಮೊದಲ ದಿನ ನೋಡಿದ ಟಾರ್ಪಾಲಿನ ಮೇಲಿನ ಹೆಂಗಸು ಮಗುಚುತ್ತಿದ್ದ ಮೆಣಸು ಅವಳದಲ್ಲ ಎಂದು ನನಗೆ ಗೊತ್ತಾದದ್ದು ಸಂಜೆ ಧಣಿಯ ಲಾರಿ ಬಂದು ಚೀಲ ತುಂಬಿಸಿಕೊಂಡು ಹೋದಾಗ.